ಕುಡುಗೋಲಿನೊಡನೆ ಮಸೆಗಲ್ಲೂ ಮಾರಾಟವಾಗಲಿ

ತೋಟಗಾರಿಕೆಯ ಕೈ ಉಪಕರಣಗಳನ್ನು ತಯಾರಿಸುವವರೂ ಮಾರುವವರೂ ಉಕ್ಕಿನ ಗುಣ, ಹಿಡಿಯ ಬಾಳಿಕೆ ಹಾಗೂ ಬೆಲೆಯ ಪೈಪೋಟಿಯತ್ತ ತಕ್ಕಷ್ಟು ಗಮನ ನೀಡುತ್ತಾರೆ. ಆದರೆ ಮೊದಲ ಹರಿತ ಹೋದ ಮೇಲೆ ಅಲಗನ್ನು ಯಾವ ಕಲ್ಲಿನಿಂದ ಮಸೆಯಬೇಕೆಂಬ ಪ್ರಶ್ನೆಯನ್ನು ಗ್ರಾಹಕನಿಗೇ ಬಿಟ್ಟುಬಿಡುತ್ತಾರೆ. ಈ ಉದಾಸೀನತೆಯಿಂದ ನಷ್ಟವಾಗುತ್ತಿರುವುದು ನಮ್ಮ ಉದ್ಯಮಕ್ಕೇ ಎಂಬುದು ನನ್ನ ಅಭಿಪ್ರಾಯ.

ಕುಡುಗೋಲು, ಕೊಕ್ಕೆಗತ್ತಿಗಳ ಅಲಗು ಒಳಬಾಗಿದ್ದು. ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ಚಪ್ಪಟೆ ಕಲ್ಲು ಆ ಬಾಗನ್ನು ಸಮನಾಗಿ ಮುಟ್ಟಲಾರದು. ಮೂಲೆಗಳಷ್ಟೇ ತಗುಲಿ ಬಾಯಿ ಅಂಕುಡೊಂಕಾಗುತ್ತದೆ. ಇಂಥ ಅಲಗಿಗೆ ತುದಿಗಳೆರಡೂ ಕಿರಿದಾದ ದೋಣಿಯಾಕಾರದ ಕಲ್ಲು ಅಥವಾ ಅಂಚು ದುಂಡಾದ ಕೈಗಲ್ಲು ತಕ್ಕುದು. ಸಿಕೇಟರ್ ಎಂಬ ಸವರುಕತ್ತರಿಯ ಹೊರಬಾಗಿದ ಅಲಗಿಗಾದರೋ ಚಪ್ಪಟೆ ಕಿರುಗಲ್ಲೇ ಸಾಕು. ಇಳಿಜಾರಿರುವ ಮುಖವನ್ನು ಮಸೆದು, ಹಿಂಬದಿಯ ಮುರುಕನ್ನಷ್ಟೇ ತೆಗೆಯಬೇಕು. ಹಲ್ಲುಳ್ಳ ಕುಡುಗೋಲಿನ ಹಲ್ಲುಗಳ ಮೇಲೆ ಕಲ್ಲನ್ನು ಉಜ್ಜಲೇಬಾರದು.

ಆಕಾರದಷ್ಟೇ ಮುಖ್ಯವಾದುದು ಕಲ್ಲಿನ ಕಣದ ಗಾತ್ರ. ಮುಕ್ಕಾದ ಅಲಗನ್ನು ಸರಿಪಡಿಸಲು ಸುಮಾರು 120, ನಿತ್ಯದ ಮಸೆತಕ್ಕೆ 240ರಿಂದ 400, ಸವರುಕತ್ತರಿಯ ನಯಕ್ಕೆ 600ರ ಆಸುಪಾಸಿನ ಕಲ್ಲು ಒಪ್ಪುತ್ತದೆ. ಜಪಾನೀ ಮತ್ತು ಯುರೋಪಿನ ಮಾನಕಗಳಲ್ಲಿ ಒಂದೇ ಸಂಖ್ಯೆ ಒಂದೇ ನಯವನ್ನು ಸೂಚಿಸುವುದಿಲ್ಲವೆಂಬುದನ್ನು ಆಮದು ವರ್ತಕರು ಗಮನಿಸಬೇಕು. ಕಾರ್ಬೊರಂಡಂ ಕಲ್ಲು ಬೇಗ ಕೊರೆಯುತ್ತದೆ. ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು ನಿಧಾನವಾದರೂ ಸಾಮಾನ್ಯವಾಗಿ ಹೆಚ್ಚು ಕಾಲ ಆಕಾರ ಉಳಿಸಿಕೊಳ್ಳುತ್ತದೆ.

ತಕ್ಕ ಕಲ್ಲು ದೊರೆಯದ ಗ್ರಾಹಕನು ಅಲಗನ್ನು ವಿದ್ಯುತ್ ಸಾಣೆಚಕ್ರಕ್ಕೆ ಒಡ್ಡುತ್ತಾನೆ. ಉಜ್ಜಿದ ಅಂಚು ನೀಲಿಗಟ್ಟಿತೆಂದರೆ ಶಾಖವು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರ್ಥ. ಇಂಗಾಲದ ಉಕ್ಕಿನ ಹದ ಅಲ್ಲಿಗೆ ಕೆಡುತ್ತದೆ. ಮರುವಾರ ಅದೇ ಕತ್ತಿ 'ಕಳಪೆ ಮಾಲು' ಎಂಬ ದೂರಿನೊಡನೆ ಅಂಗಡಿಗೆ ಹಿಂದಿರುಗುತ್ತದೆ. ತಪ್ಪು ಮಸೆತದ್ದು, ಹೆಸರು ಕೆಡುವುದು ತಯಾರಕನದು. ಅತ್ತ ಮೊಂಡು ಕತ್ತರಿಯು ಕಾಫಿ ಗಿಡದ ರೆಂಬೆಯನ್ನು ಕತ್ತರಿಸದೆ ಸಿಗಿಯುತ್ತದೆ. ಆ ಗಾಯ ಮಾಯುವುದು ತಡ, ಆಳಿನ ಶ್ರಮವೂ ಇಮ್ಮಡಿ.

ಕಲ್ಲಿನಲ್ಲಿ ಲಾಭಾಂಶ ಅತ್ಯಲ್ಪ, ಹತ್ತು ಬಗೆಯ ದಾಸ್ತಾನಿಗೆ ಬಂಡವಾಳ ಹೂಡುವುದೆಂತು ಎಂದು ವರ್ತಕರು ಆಕ್ಷೇಪಿಸಬಹುದು. ಹತ್ತು ಬಗೆ ಬೇಕಿಲ್ಲ. ದೋಣಿಗಲ್ಲು ಒಂದು, ಎರಡು ಮುಖದ ಕಿರುಗಲ್ಲು ಒಂದು, ಇವೆರಡರಿಂದಲೇ ಬಹುಪಾಲು ಬೇಡಿಕೆ ಪೂರೈಸೀತು. ಹಿಂದಿರುಗಿದ ಒಂದು ಕತ್ತಿಯ ನಷ್ಟದೆದುರು ಕಲ್ಲಿನ ಬೆಲೆ ಹೆಚ್ಚೇನಲ್ಲ.

2011ರ ಕಾನೂನು ಮಾಪನ ಪೊಟ್ಟಣ ಸರಕುಗಳ ನಿಯಮಗಳು ಪೊಟ್ಟಣದ ಮೇಲೆ ತಯಾರಕನ ಹೆಸರು, ಪ್ರಮಾಣ, ಬೆಲೆ ಮುಂತಾದವನ್ನು ಕೇಳುತ್ತವೆ. ಅವುಗಳ ಜೊತೆಗೆ ಕಣದ ಸಂಖ್ಯೆ, ಮಾನಕ ಹಾಗೂ ಯಾವ ಅಲಗಿಗೆ ಎಂಬುದನ್ನು ಕನ್ನಡದಲ್ಲಿ ನಮೂದಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಸಣ್ಣ ತಯಾರಕರು ತಮ್ಮ ಕುಡುಗೋಲಿನ ಹೊದಿಕೆಯ ಮೇಲೆಯೂ ತಕ್ಕ ಕಲ್ಲನ್ನು ಸೂಚಿಸಲಿ. ಬರುವ ಹಂಗಾಮಿನ ದಾಸ್ತಾನಿನಿಂದಲೇ ಈ ಪದ್ಧತಿ ಆರಂಭವಾಗುವುದು ಉಚಿತ.