ಮೂರ್ತೆ ಕಸುಬಿಗೂ ಮರ್ಯಾದೆ ಸಿಗಲಿ

ಬೆಂಗಳೂರಿನ ಇಂದಿರಾನಗರದಲ್ಲಿ 2010ರಲ್ಲಿ ‘ಟಾಯ್ಟ್’ ಶುರುವಾಯಿತು. ಅಲ್ಲೇ ಸ್ವಲ್ಪ ಸ್ವಲ್ಪವಾಗಿ ಬಿಯರ್ ತಯಾರಿಸಿ ತಾಜಾ ಕೊಡುವ ಇಂಥ ಅಂಗಡಿಗಳು ಆಮೇಲೆ ನಗರದಲ್ಲಿ ಬೆಳೆಯುತ್ತಲೇ ಹೋದವು. ಸ್ಥಳೀಯ, ತಾಜಾ, ಕೈಕಸುಬು ಎಂಬುದೇ ಅವುಗಳ ಹೆಮ್ಮೆ. ಕಾಸರಗೋಡಿನ ಮೂರ್ತೆದಾರರಿಗೆ ಇದೇನೂ ಹೊಸತಲ್ಲ. ಆದರೆ ಬಿಯರಿನವರಿಗೆ ಸಿಗುವ ಮರ್ಯಾದೆ ಇವರಿಗಿಲ್ಲ.

ತೆಂಗಿನ ಹೊಂಬಾಳೆ ಕಟ್ಟಿ, ಬಡಿದು, ತುದಿ ಕೊಯ್ದು ಇಳಿಸುವ ರಸಕ್ಕೆ ಯೀಸ್ಟ್ ಹಾಕಬೇಕಾಗಿಲ್ಲ. ಗಾಳಿಯಲ್ಲಿ, ಮಡಕೆಯಲ್ಲಿ ಇರುವುದೇ ಕೆಲವು ಗಂಟೆಗಳಲ್ಲಿ ಹುಳಿ ಬರಿಸಿ ಕಳ್ಳು ಮಾಡುತ್ತದೆ. ಅದೇ ರಸವನ್ನು ಐಸ್ ಪೆಟ್ಟಿಗೆಯಲ್ಲಿ ತಂಪಾಗಿಯೇ ಇಳಿಸಿದರೆ ಅಮಲಿಲ್ಲದ ‘ಕಲ್ಪರಸ’. ಈ ವಿಧಾನ ಕಾಸರಗೋಡಿನ ಸಿಪಿಸಿಆರ್‌ಐಯದ್ದೇ.

ಕುಡಿತದಿಂದ ಮನೆ ಹಾಳಾಗೋದನ್ನು ಯಾರೂ ಮೆಚ್ಚಲಾರರು. ಇಲ್ಲಿ ಪ್ರಶ್ನೆ ಕಸುಬಿನದ್ದು. ದಿನಕ್ಕೆ ಎರಡು ಮೂರು ಬಾರಿ ಮರ ಹತ್ತಬೇಕು. ಒಮ್ಮೆ ಕಾಲು ಜಾರಿದರೆ ಮನೆಯ ಅನ್ನವೇ ಹೋಯಿತು. ಕಳ್ಳು ಉದ್ಯಮಕ್ಕೆ ಅಭಿವೃದ್ಧಿ ಮಂಡಳಿ ರಚಿಸಲು ಕೇರಳ 2021ರಲ್ಲಿ ಕಾನೂನು ಮಾಡಿದೆ. ತರಬೇತಿ, ವಿಮೆ, ಅರ್ಜಿಯ ವಿವರಗಳು ಮಂಜೇಶ್ವರ, ಕುಂಬಳೆ ಕಡೆಯ ಮೂರ್ತೆದಾರರಿಗೆ ಕನ್ನಡದಲ್ಲೂ ಮುಟ್ಟಲಿ. ಮರ ಹತ್ತುವವರು ಇಲ್ಲವಾದರೆ ಕಳ್ಳೂ ಇಲ್ಲ, ಕಲ್ಪರಸವೂ ಇಲ್ಲ.