ಕೆಲಸ ಬಿಟ್ಟು ಓಡು ಅನ್ನೋರಿಗೆ ಒಂದು ಪ್ರಶ್ನೆ



'ಕೆಲಸ ಬಿಟ್ಟ, ಕನಸಿನ ಬೆನ್ನು ಹತ್ತಿದ, ಪದಕ ಗೆದ್ದ' ಅನ್ನೋ ರೀಲ್ಸ್ ದಿನಾ ಕಣ್ಣಿಗೆ ಬೀಳುತ್ತವೆ. ನಮ್ಮ ಹುಡುಗರೂ ಅದನ್ನ ಸ್ಟೇಟಸ್‌ಗೆ ಹಾಕ್ಕೋತಾರೆ. ಹಾಕ್ಕೊಳ್ಳಲಿ. ಆದ್ರೆ ಕೆಲಸ ಬಿಟ್ಟ ಮಾರನೇ ದಿನ ಆ ಮನೆ ಒಲೆ ಹೇಗೆ ಉರೀತು ಅಂತ ಯಾವ ರೀಲೂ ತೋರಿಸಲ್ಲ.

ರಾಮ್ ಬಾಬೂ ಅವರ ಕತೆ ನೋಡಿ. ಉತ್ತರ ಪ್ರದೇಶದ ಸೋನ್‌ಭದ್ರ ಜಿಲ್ಲೆಯವರು. ಅಪ್ಪ ಕೂಲಿ. ಅಥ್ಲೀಟ್ ಆಗಬೇಕು ಅಂತ ವಾರಾಣಸಿಗೆ ಹೋದವರು ಹೊಟ್ಟೆಪಾಡಿಗೆ ಹೋಟೆಲಲ್ಲಿ ವೇಟರ್ ಆದರು. ರಾತ್ರಿ ತಟ್ಟೆ ಎತ್ತೋದು, ಬೆಳಗಿನ ಜಾವ ಓಡೋದು. ವೇಟರ್‌ಗಳನ್ನ ಜನ ನಡೆಸಿಕೊಳ್ಳೋ ರೀತಿ ತುಂಬ ನೋವು ಕೊಡ್ತಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ. ಆ ಕೆಲಸ ಬಿಟ್ಟರು. ಆಮೇಲೇನಾಯ್ತು? ಲಾಕ್‌ಡೌನ್ ಬಂತು, ಊರಿಗೆ ವಾಪಸ್. ಅಪ್ಪನ ಜೊತೆ ನರೇಗಾದಲ್ಲಿ ಮಣ್ಣು ಅಗೆದರು.

2022ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 35 ಕಿ.ಮೀ. ವೇಗದ ನಡಿಗೆಯನ್ನ 2 ಗಂಟೆ 36 ನಿಮಿಷ 34 ಸೆಕೆಂಡಲ್ಲಿ ಮುಗಿಸಿ ರಾಷ್ಟ್ರೀಯ ದಾಖಲೆ ಮಾಡಿದರು. ಮಾರನೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಮಂಜು ರಾಣಿ ಜೊತೆ ಮಿಶ್ರ ತಂಡದ ಕಂಚು ಗೆದ್ದರು. ಅಷ್ಟೊತ್ತಿಗೆ ಸೇನೆಯಲ್ಲಿ ಹವಾಲ್ದಾರ್.

ಇದನ್ನ ಎಲ್ಲರೂ 'ಛಲ' ಅಂತ ಹೊಗಳಿದರು. ಛಲ ಇತ್ತು, ಒಪ್ತೀನಿ. ಆದ್ರೆ ಲೆಕ್ಕಾನೂ ನೋಡಿ. 2020-21ರಲ್ಲಿ ಉತ್ತರ ಪ್ರದೇಶದ ನರೇಗಾ ಕೂಲಿ ದಿನಕ್ಕೆ 201 ರೂಪಾಯಿ. ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನ. ಪೂರ್ತಿ ಸಿಕ್ಕರೂ 20,100 ರೂಪಾಯಿ. ಅದರಲ್ಲೇ ಅಕ್ಕಿ, ಬೇಳೆ, ಔಷಧಿ. ಅದರಲ್ಲೇ ಶೂ, ಹಾಲು, ಮೊಟ್ಟೆ! ಇಂಥ ಮನೆಯಿಂದ ಒಬ್ಬ ಗೆದ್ದ ಅಂದ್ರೆ ಎಷ್ಟು ಜನ ದಾರೀಲೇ ಉಳಿದುಹೋದರು ಅಂತ ಕೇಳಬೇಕಲ್ವಾ?

ನಮ್ಮ ಕೇರಿಗಳಲ್ಲಿ ಹದಿನೇಳು ವರ್ಷದ ಗಟ್ಟಿಮುಟ್ಟಾದ ಹುಡುಗ ಅಂದ್ರೆ ಮನೆಗೆ ಇನ್ನೊಂದು ಕೂಲಿ. ಹುಡುಗಿ ಆದ್ರೆ ಕೂಲಿ ಜೊತೆ ಮನೆಗೆಲಸಾನೂ. ಹೊಲ ಇರೋರು, ಬಾಡಿಗೆ ಬರೋರು, ಅಪ್ಪನ ಪೆನ್ಷನ್ ಇರೋರು ಎರಡು ವರ್ಷ ಕೆಲಸ ಬಿಟ್ಟು ಅದೃಷ್ಟ ಪರೀಕ್ಷೆ ಮಾಡಬಹುದು. ಸೋತರೆ ಹಿಂದೆ ಬರೋಕೆ ಮನೆ ಇರುತ್ತೆ. ನಮ್ಮೋರು ಸೋತರೆ ಸಾಲ ಇರುತ್ತೆ. ಬಾಬಾಸಾಹೇಬರು ಸತ್ತ ದನ ಹೊರೋದನ್ನ ಬಿಡಿ ಅಂದಾಗ ಬಿಟ್ಟವರಿಗೆ ಬಹಿಷ್ಕಾರ, ಉಪವಾಸ ಕಾದಿದ್ದವು. ಕೆಲಸ ಬಿಡೋದರ ಬೆಲೆ ಎಷ್ಟು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಕೋಣಗಳ ಹಿಂದೆ 142.5 ಮೀಟರನ್ನ 13.62 ಸೆಕೆಂಡಲ್ಲಿ ಓಡಿದಾಗ ದೇಶವೆಲ್ಲಾ ಉಸೇನ್ ಬೋಲ್ಟ್ ಅಂತ ಕುಣೀತು. ಕೇಂದ್ರ ಕ್ರೀಡಾ ಸಚಿವರೇ ಬೆಂಗಳೂರಿಗೆ ಟ್ರಯಲ್ಸ್‌ಗೆ ಕರೆಸಿದರು. ಕಟ್ಟಡ ಕೆಲಸ ಮಾಡ್ತಿದ್ದ ಆ ಯುವಕ ಕಂಬಳ ಬೇರೆ, ಟ್ರ್ಯಾಕ್ ಬೇರೆ ಅಂತ ಹೇಳಿ ಹೋಗಲಿಲ್ಲ. ತುಂಬ ಜನ 'ಅವಕಾಶ ಕೈಬಿಟ್ಟ' ಅಂದರು. ಒಂದು ದಿನದ ಟ್ರಯಲ್ಸ್ ಕೊಡೋಕೆ ಎಲ್ಲರೂ ಸಿದ್ಧ. ಟ್ರ್ಯಾಕ್ ಕಲಿಯೋ ಆ ವರ್ಷಗಳ ಕೂಲಿ ಯಾರು ಕೊಡ್ತಾರೆ ಅಂತ ಎಷ್ಟು ಜನ ಕೇಳಿದರು?

ಯೋಜನೆಗಳೇ ಇಲ್ವಾ ಅಂದ್ರೆ, ಇವೆ. ಟಾಪ್ಸ್‌ನ ಕೋರ್ ಪಟ್ಟಿಯವರಿಗೆ ತಿಂಗಳಿಗೆ 50 ಸಾವಿರ ಭತ್ಯೆ. ಖೇಲೋ ಇಂಡಿಯಾದಲ್ಲಿ ಆಯ್ಕೆಯಾದರೆ ಕೈಖರ್ಚಿಗೆ ತಿಂಗಳಿಗೆ 10 ಸಾವಿರ. ಆದ್ರೆ ಇವೆಲ್ಲ ಈಗಾಗಲೇ ಕಣ್ಣಿಗೆ ಬಿದ್ದವರಿಗೆ. ಕಣ್ಣಿಗೆ ಬೀಳೋ ಮುಂಚಿನ ಮೂರ್ನಾಲ್ಕು ವರ್ಷಗಳಲ್ಲೇ ನಮ್ಮ ಮಕ್ಕಳು ಗಾರೆ ಕೆಲಸಕ್ಕೆ, ಗಾರ್ಮೆಂಟ್ಸ್‌ಗೆ, ಡೆಲಿವರಿ ಬೈಕಿಗೆ ಹೋಗಿಬಿಡ್ತಾರೆ.

ಇನ್ನೊಂದು ವಿಷಯ. ಮಿಲ್ಖಾ ಸಿಂಗ್ ಓಟ ಕಲಿತದ್ದು ಸೇನೆಯಲ್ಲಿ. ಪಿ.ಟಿ. ಉಷಾಗೆ ರೈಲ್ವೆ ಕೆಲಸ ಇತ್ತು. ನಮ್ಮ ದೇಶದ ಅಥ್ಲೆಟಿಕ್ಸ್ ನಿಂತಿರೋದೇ ಸರ್ಕಾರಿ ಸಂಬಳದ ಮೇಲೆ. ಹಾಗಾಗಿ ಕಾಯಂ ಹುದ್ದೆಗಳನ್ನ ಗುತ್ತಿಗೆಗೆ ಕೊಟ್ಟಾಗ, ನಾಲ್ಕು ವರ್ಷದ ಅಗ್ನಿವೀರ್ ತಂದಾಗ, ಬಡವರ ಮನೆ ಓಟಗಾರರ ಕಾಲಿಗೂ ಪೆಟ್ಟು ಬೀಳುತ್ತೆ. ಮೀಸಲಾತಿ ಹೋರಾಟದಲ್ಲಿ ನಾವು ಈ ಮಾತನ್ನೂ ಸೇರಿಸಬೇಕು.

ಹಾಗಾದ್ರೆ ಏನು ಕೇಳೋಣ? ಕರ್ನಾಟಕದಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಇದೆ. 2024-25ರಲ್ಲಿ ಅದಕ್ಕೆ ಇಟ್ಟಿದ್ದು 39 ಸಾವಿರ ಕೋಟಿಗೂ ಹೆಚ್ಚು. ಅದರಲ್ಲಿ 14 ಸಾವಿರ ಕೋಟಿಗೂ ಹೆಚ್ಚು ಹಣ ಗ್ಯಾರಂಟಿಗಳಿಗೆ ಹೋಯ್ತು. ಗ್ಯಾರಂಟಿ ಬೇಡ ಅಂತಿಲ್ಲ, ನಮ್ಮ ಅವ್ವಂದಿರಿಗೂ ಆ ದುಡ್ಡು ಬೇಕು. ಅದನ್ನ ಎಲ್ಲರಿಗೂ ಕೊಡೋ ಬಜೆಟ್‌ನಿಂದ ಕೊಡಿ. ನಮ್ಮ ಪಾಲಿನಲ್ಲಿ ಒಂದು ಸಾವಿರ ದಲಿತ, ಆದಿವಾಸಿ ಹುಡುಗ ಹುಡುಗಿಯರಿಗೆ ತಿಂಗಳಿಗೆ 15 ಸಾವಿರದಂತೆ ಕೊಟ್ಟರೂ ವರ್ಷಕ್ಕೆ ಆಗೋದು ಬರೀ 18 ಕೋಟಿ. ಪದಕ ಬಂದ ಮೇಲೆ ಅಲ್ಲ, ಬರೋಕೆ ಮುಂಚೆ. ಅರ್ಧ ಹಣ ನೇರ ಮನೆಯವರ ಖಾತೆಗೆ ಹೋಗಲಿ. ಯಾಕಂದ್ರೆ ಬಿಟ್ಟ ಕೂಲಿ ಆ ಮನೆಯದ್ದು. ಜೊತೆಗೆ ಹಾಸ್ಟೆಲ್ ಇರೋ ಪ್ರತಿ ತಾಲ್ಲೂಕಲ್ಲಿ ಒಬ್ಬ ಕೋಚ್, ಗಾಯವಾದ್ರೆ ಚಿಕಿತ್ಸೆ, ಓಟ ನಿಂತ ಮೇಲೆ ಓದು ಮುಂದುವರಿಸೋ ಅವಕಾಶ.

ಮುಂದಿನ ಬಜೆಟ್ ಪೂರ್ವಭಾವಿ ಸಭೆಗೆ ಹೋಗೋ ಸಂಗಾತಿಗಳು ಈ ಬೇಡಿಕೆಯನ್ನ ಪಟ್ಟಿಗೆ ಸೇರಿಸಿ. ನಿಮ್ಮ ಜಿಲ್ಲೆಯಲ್ಲಿ ಕೂಲಿಗಾಗಿ ಮೈದಾನ ಬಿಟ್ಟ ಮಕ್ಕಳಿದ್ದರೆ, ಅವರ ಒಪ್ಪಿಗೆ ಪಡೆದು ಇನ್‌ಬಾಕ್ಸ್‌ಗೆ ಬರೀರಿ. ಮನವಿಗೆ ಲೆಕ್ಕ ಬೇಕು.

ಜೈ ಭೀಮ್.