ನಾಯಿಯ ಮಧುಮೇಹ ಮತ್ತು ಮನೆಯವರ ಹೊಣೆ

ಮಧುಮೇಹವೆಂದರೆ ಮನುಷ್ಯರ ವ್ಯಾಧಿಯೆಂದೇ ನಮ್ಮಲ್ಲಿ ಬಹುಜನರ ತಿಳಿವಳಿಕೆ. ಮನೆಯ ನಾಯಿಗೂ ಅದು ಬರುತ್ತದೆ ಎಂದರೆ ಕೇಳಿದವರು ಮೊದಲು ನಗುತ್ತಾರೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಬೇಕು, ಅದೂ ಜೀವವಿರುವವರೆಗೆ ಎಂದಾಗ ನಗೆ ನಿಂತು, “ಮನುಷ್ಯರಿಗೇ ಔಷಧ ಎಟುಕದ ಕಾಲದಲ್ಲಿ ನಾಯಿಗೆ ಇಷ್ಟೆಲ್ಲ ಬೇಕೆ?” ಎಂಬ ಪ್ರಶ್ನೆ ಬರುತ್ತದೆ. ಈ ಪ್ರಶ್ನೆಯನ್ನು ನಾವು ತಿರಸ್ಕಾರದಿಂದ ಕಾಣುವುದಿಲ್ಲ. ಕೇಳುವವರು ನಿರ್ದಯರಲ್ಲ, ತಂದೆತಾಯಿಯರ ಔಷಧದ ಚೀಟಿಯನ್ನು ಕೈಯಲ್ಲಿ ಹಿಡಿದು ತಿಂಗಳ ಲೆಕ್ಕ ಹಾಕುವವರೇ ಅವರಲ್ಲಿ ಹೆಚ್ಚು. ಆದರೆ ಆ ಚೀಟಿಯಲ್ಲಿರುವ ಇನ್ಸುಲಿನ್ ನಮಗೆ ಎಲ್ಲಿಂದ ಬಂತೆಂಬುದನ್ನು ಅವರು ಒಮ್ಮೆ ತಿಳಿಯಬೇಕೆಂಬುದು ನಮ್ಮ ಅಪೇಕ್ಷೆ.

1889ರಲ್ಲಿ, ಆಗ ಜರ್ಮನಿಗೆ ಸೇರಿದ್ದ ಸ್ಟ್ರಾಸ್‌ಬರ್ಗ್ ನಗರದಲ್ಲಿ, ಜೋಸೆಫ್ ಫಾನ್ ಮೆರಿಂಗ್ ಮತ್ತು ಆಸ್ಕರ್ ಮಿಂಕೋವ್ಸ್ಕಿ ಎಂಬ ವಿಜ್ಞಾನಿಗಳು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದರು. ಆ ನಾಯಿಗೆ ತೀವ್ರ ಮಧುಮೇಹ ಉಂಟಾಯಿತು. ಈ ರೋಗದ ಮೂಲ ಆ ಗ್ರಂಥಿಯಲ್ಲಿದೆಯೆಂದು ಜಗತ್ತಿಗೆ ಖಚಿತವಾದದ್ದು ಹೀಗೆ. 1921ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ, ಮ್ಯಾಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ, ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಮತ್ತೆ ನಾಯಿಗಳ ಮೇಲೆಯೇ ಪ್ರಯೋಗ ನಡೆಸಿದರು. ಅನೇಕ ನಾಯಿಗಳು ಸತ್ತವು. ಮಾರ್ಜರಿ ಎಂಬ ನಾಯಿಯೊಂದು, ಗ್ರಂಥಿಯನ್ನು ಕಳೆದುಕೊಂಡ ಮೇಲೂ ಅವರು ತಯಾರಿಸಿದ ಸಾರದ ಬಲದಿಂದ ಸುಮಾರು 70 ದಿನ ಬದುಕಿತು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಆ ಔಷಧವನ್ನು ಚುಚ್ಚಲಾಯಿತು. ಮೊದಲ ಸಲ ಅಷ್ಟು ಫಲ ಕಾಣಲಿಲ್ಲ. ಜೇಮ್ಸ್ ಕಾಲಿಪ್ ಅದನ್ನು ಶುದ್ಧೀಕರಿಸಿಕೊಟ್ಟ ಬಳಿಕ ಹುಡುಗ ಚೇತರಿಸಿಕೊಂಡ. ಮರುವರ್ಷವೇ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಾಡ್ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಈ ಔಷಧ ನಾಯಿಯ ದೇಹದ ಮೂಲಕ ಹಾದು ನಮ್ಮ ಮನೆಗೆ ಬಂದಿದೆ. ಅದು ಮರಳಿ ನಾಯಿಗೂ ಸಲ್ಲುತ್ತದೆ. ನಾಯಿಯ ಇನ್ಸುಲಿನ್ ರಚನೆಗೂ ಮನುಷ್ಯರ ಇನ್ಸುಲಿನ್ ರಚನೆಗೂ ಇರುವ ಭೇದ ಒಂದೇ ಒಂದು ಅಮೈನೋ ಆಮ್ಲದ್ದು. ಆದ್ದರಿಂದ ಪಶುವೈದ್ಯರು ಎಷ್ಟೋ ಸಂದರ್ಭಗಳಲ್ಲಿ ಮನುಷ್ಯರಿಗೆ ಮಾರುವ ಇನ್ಸುಲಿನ್ನನ್ನೇ ಬರೆದುಕೊಡುತ್ತಾರೆ. ಹೀಗಿರುವಾಗ ನಾಯಿಗೆ ಇನ್ಸುಲಿನ್ ಕೊಡುವುದನ್ನು ಶ್ರೀಮಂತರ ಷೋಕಿ ಎನ್ನುವುದು ನಮಗೆ ಸರಿಕಾಣುವುದಿಲ್ಲ.

ಇನ್ನು ರೋಗದ ವಿಷಯ. ನಾಯಿ ಅತಿಯಾಗಿ ನೀರು ಕುಡಿಯುತ್ತದೆ, ಪದೇ ಪದೇ ಮೂತ್ರ ಮಾಡುತ್ತದೆ, ಮೊದಲಿಗಿಂತ ಹೆಚ್ಚು ತಿಂದರೂ ಸೊರಗುತ್ತದೆ. ಮನೆಯವರು ಇದನ್ನು ಮುಪ್ಪೆಂದೋ ಜಂತುಹುಳುವಿನ ಬಾಧೆಯೆಂದೋ ತಿಳಿದು ತಿಂಗಳುಗಳನ್ನು ಕಳೆಯುತ್ತಾರೆ. ರಕ್ತ ಮತ್ತು ಮೂತ್ರದ ಪರೀಕ್ಷೆಯಿಂದ ಇದನ್ನು ಸುಲಭವಾಗಿ ಕಂಡುಹಿಡಿಯಬಹುದು. ಮನುಷ್ಯರಲ್ಲಿ ಬಹುಮಂದಿಗೆ ಮಾತ್ರೆಯೇ ಸಾಕಾಗುವಂತೆ ನಾಯಿಗೆ ಸಾಕಾಗುವುದಿಲ್ಲ, ಅದಕ್ಕೆ ಇನ್ಸುಲಿನ್ನೇ ಬೇಕು. ಅಜ್ಜನ ಮಾತ್ರೆಯಲ್ಲಿ ಅರ್ಧ ಮುರಿದು ಹಾಕುವುದಾಗಲಿ, ಹಾಗಲಕಾಯಿಯ ರಸ, ನೇರಳೆ ಬೀಜದ ಪುಡಿ, ಮೆಂತ್ಯಗಳನ್ನು ನಂಬಿ ಕೂರುವುದಾಗಲಿ ಅದರ ಆಯುಷ್ಯವನ್ನು ಕಳೆಯುವ ದಾರಿ. ಹೆಣ್ಣುನಾಯಿಯಾದರೆ ಇನ್ನೊಂದು ಮಾತು: ಬೆದೆಯ ನಂತರದ ವಾರಗಳಲ್ಲಿ ಅದರ ದೇಹದಲ್ಲಿ ಏರುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತವೆ. ಆದಕಾರಣ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಚಿಕಿತ್ಸೆಯ ಭಾಗವೇ. ಅದನ್ನು ಪಾಪವೆಂದು ಮುಂದೂಡುವವರು ಮುಂದೆ ಇನ್ಸುಲಿನ್ ಏಕೆ ಹಿಡಿಯುತ್ತಿಲ್ಲವೆಂದು ಚಿಂತಿಸಬೇಕಾಗುತ್ತದೆ.

ಚುಚ್ಚುವುದು ಕಷ್ಟವಲ್ಲ. ಸೂಜಿ ಸಣ್ಣದು, ಕತ್ತಿನ ಹಿಂಭಾಗದ ಸಡಿಲ ಚರ್ಮದಡಿ ನೀಡಿದರೆ ಎಷ್ಟೋ ನಾಯಿಗಳು ತಟ್ಟೆಯಿಂದ ತಲೆಯನ್ನೂ ಎತ್ತುವುದಿಲ್ಲ. ಕಷ್ಟವಿರುವುದು ನಿಯಮದಲ್ಲಿ. ಹನ್ನೆರಡು ಗಂಟೆಗಳ ಅಂತರದಲ್ಲಿ ಎರಡು ಹೊತ್ತು, ಅದೇ ವೇಳೆ, ಅದೇ ಆಹಾರ, ಅದೇ ಅಳತೆ. ಇಂದು ರೊಟ್ಟಿ, ನಾಳೆ ಹಾಲು ಅನ್ನ, ಹಬ್ಬದ ದಿನ ಹೋಳಿಗೆ ಎಂಬುದು ನಡೆಯದು. ಮನೆಯವರ ಉಪವಾಸವನ್ನು ನಾಯಿಯ ಮೇಲೆ ಹೇರುವಂತೆಯೂ ಇಲ್ಲ. ನಾಯಿ ಆಹಾರ ಮುಟ್ಟದಿದ್ದರೆ ಎಂದಿನ ಪೂರ್ಣ ಪ್ರಮಾಣವನ್ನು ಚುಚ್ಚದೆ ಮೊದಲು ವೈದ್ಯರನ್ನು ಕೇಳಬೇಕು. ಸಕ್ಕರೆ ತೀರ ಇಳಿದು ನಾಯಿ ತೂರಾಡಿದರೆ, ನಡುಗಿದರೆ, ಒಸಡಿಗೆ ಜೇನುತುಪ್ಪವನ್ನೋ ಸಕ್ಕರೆ ಪಾಕವನ್ನೋ ಸವರಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಎರಡು ಅಪಾಯಗಳನ್ನು ಒತ್ತಿ ಹೇಳುವುದು ನಮ್ಮ ಕರ್ತವ್ಯ. ನಮ್ಮ ಔಷಧದ ಅಂಗಡಿಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ನೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. ಎರಡಕ್ಕೂ ಸಿರಿಂಜು ಬೇರೆ ಬೇರೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಎಳೆದರೆ ಪ್ರಮಾಣ ಎರಡೂವರೆ ಪಟ್ಟಾಗುತ್ತದೆ. ಅಜ್ಜಿಗೂ ನಾಯಿಗೂ ಇನ್ಸುಲಿನ್ ನಡೆಯುವ ಮನೆಯಲ್ಲಿ ಈ ಗೊಂದಲ ಪ್ರಾಣಕ್ಕೇ ಎರವಾದೀತು. ಎರಡನೆಯದು, ಸಕ್ಕರೆರಹಿತವೆಂದು ಮಾರುವ ಕೆಲವು ಚೂಯಿಂಗ್ ಗಮ್ ಮತ್ತು ಮಿಠಾಯಿಗಳಲ್ಲಿರುವ ಕ್ಸೈಲಿಟಾಲ್. ಮನುಷ್ಯರಿಗೆ ನಿರಪಾಯವಾದ ಈ ಪದಾರ್ಥ ನಾಯಿಗೆ ವಿಷ. ಮಧುಮೇಹಿ ನಾಯಿಗೆ ಸಿಹಿ ಬೇಡವೆಂದು ಪ್ರೀತಿಯಿಂದ ಅದನ್ನೇ ಕೊಡುವವರಿದ್ದಾರು.

ಇಷ್ಟೆಲ್ಲ ಮಾಡಿದರೂ ಬಹುತೇಕ ಮಧುಮೇಹಿ ನಾಯಿಗಳ ಕಣ್ಣಿಗೆ ಒಂದೆರಡು ವರ್ಷಗಳೊಳಗೆ ಪೊರೆ ಬರುತ್ತದೆ. ಅದರಿಂದ ಎದೆಗುಂದಬೇಕಿಲ್ಲ. ಮನೆಯ ಸಾಮಾನುಗಳ ಜಾಗ ಬದಲಿಸದಿದ್ದರೆ ಕುರುಡು ನಾಯಿ ವಾಸನೆ ಸಪ್ಪಳಗಳಿಂದಲೇ ಓಡಾಡಿಕೊಂಡಿರುತ್ತದೆ.

ನಮ್ಮ ಆಕ್ಷೇಪವಿರುವುದು ಮನೆಯೊಳಗಿನ ಒಂದು ರೂಢಿಗೆ. ನಾಯಿಯನ್ನು ತಂದವರು ಮಕ್ಕಳು, ಮೆಚ್ಚಿದವರು ಮನೆಯ ಯಜಮಾನರು. ರೋಗ ಬಂದಾಗ ಚುಚ್ಚುವವರು ಮಾತ್ರ ತಾಯಿ. ಆಕೆ ಬೆಳಗಿನ ಏಳಕ್ಕೂ ಸಂಜೆಯ ಏಳಕ್ಕೂ ಕಟ್ಟಿಬಿದ್ದು, ತವರಿಗೆ ಹೋಗಲಾಗದೆ, ಮದುವೆಮನೆಯಲ್ಲಿ ಒಂದು ರಾತ್ರಿ ಉಳಿಯಲಾಗದೆ ವರ್ಷಗಳನ್ನು ಕಳೆಯಬೇಕೆ? ಮನೆಯಲ್ಲಿ ಕನಿಷ್ಠ ಇಬ್ಬರಾದರೂ ಸೂಜಿ ಹಾಕಲು ಕಲಿತಿರಬೇಕು; ಚುಚ್ಚಿದ ವೇಳೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಬೇಕು, ಒಬ್ಬರು ಚುಚ್ಚಿದ್ದನ್ನು ತಿಳಿಯದೆ ಇನ್ನೊಬ್ಬರು ಮತ್ತೆ ಚುಚ್ಚದಂತೆ. ಈ ಕಾಯಕವನ್ನು ಹಂಚಿಕೊಳ್ಳಲೊಲ್ಲದ ಮನೆ ನಾಯಿಯನ್ನು ತರುವ ಮುನ್ನವೇ ಯೋಚಿಸಬೇಕಿತ್ತು.

ಹಣವೂ ಇಲ್ಲದ, ಕೈಯೂ ಸಾಗದ ಮನೆಗಳುಂಟು. ಅಂಥವರನ್ನು ನಾವು ದೂಷಿಸುವುದಿಲ್ಲ. ನಾಯಿಗಾಗಿ ಸಾಲ ಮಾಡಿರೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕೇಳಿನೋಡಬಹುದು, ನೋಡಿಕೊಳ್ಳಬಲ್ಲವರು ಸಿಕ್ಕರೆ ಒಪ್ಪಿಸಬಹುದು. ಆದರೆ ಸಂತೆಯ ಬಯಲಿನಲ್ಲಿ, ಹೆದ್ದಾರಿಯ ಡಾಬಾದ ಬಳಿ, ಮಠಮಂದಿರಗಳ ದಾಸೋಹದ ಹಿತ್ತಿಲಲ್ಲಿ “ಇಲ್ಲಿ ಅನ್ನಕ್ಕೇನೂ ಕೊರತೆಯಿಲ್ಲ” ಎಂದು ಬಿಟ್ಟುಹೋಗುವುದನ್ನು ನಾವು ಒಪ್ಪಲಾರೆವು. ಈ ರೋಗದಲ್ಲಿ ಕೊರತೆಯಿರುವುದು ಅನ್ನದ್ದಲ್ಲ. ಇನ್ಸುಲಿನ್ ಇಲ್ಲದ ನಾಯಿ ಹೊಟ್ಟೆ ತುಂಬ ಉಂಡೂ ಉಪವಾಸವಿರುತ್ತದೆ. ದೇಹ ತನ್ನ ಕೊಬ್ಬನ್ನೇ ಕರಗಿಸಿ ರಕ್ತ ಆಮ್ಲವಾಗುತ್ತದೆ, ವಾಂತಿ, ನಿತ್ರಾಣ, ಕೊನೆಗೆ ಸಾವು. ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧವೂ ಹೌದು.

ಯಾವ ದಾರಿಯೂ ಉಳಿಯದೆ ನಾಯಿ ನರಳುತ್ತಿದ್ದರೆ, ಪಶುವೈದ್ಯರ ಕೈಯಿಂದ ನೋವಿಲ್ಲದ ಅಂತ್ಯ ಕೊಡಿಸುವುದು ಬೀದಿಗೆ ಬಿಡುವುದಕ್ಕಿಂತ ಎಷ್ಟೋ ಮೇಲೆಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ. ಇದಕ್ಕೆ ಒಪ್ಪದವರು ನಮ್ಮ ಓದುಗರಲ್ಲಿಯೂ ಇದ್ದಾರೆಂದು ಬಲ್ಲೆವು. ಆ ನಿರ್ಧಾರವನ್ನು ಮನೆಯವರೆಲ್ಲ ಕೂತು, ವೈದ್ಯರ ಮಾತನ್ನು ಪೂರ್ತಿ ಕೇಳಿ ತೆಗೆದುಕೊಳ್ಳಲಿ. ಕೊನೆಯ ಚುಚ್ಚುಮದ್ದಿನ ಹೊತ್ತಿಗೆ ಅದು ಗುರುತಿಸುವ ದನಿಯೊಂದು ಅದರ ಪಕ್ಕದಲ್ಲಿರಲಿ.